ಕಾರ್ವೆಟ್‌ಗೆ ಎರಡು ಎಂಜಿನ್: ಜೊತೆಗೆ ಹುಟ್ಟಿದ್ದೊಂದು, ಪೆಟ್ಟಿಗೆಯಲ್ಲಿ ಬಂದದ್ದೊಂದು

ನಮ್ಮ 1972ರ ಕಾರ್ವೆಟ್, ಷೆವರ್ಲೆಯ ಸ್ಪೋರ್ಟ್ಸ್ ಕಾರು, ಬೆಳಿಗ್ಗೆ ಸ್ಟಾರ್ಟ್ ಆಯಿತು ಅಂದರೆ ಹಿಂದೆ ನೀಲಿ ಹೊಗೆ. ರಾತ್ರಿ ನಿಂತ ಜಾಗದಲ್ಲಿ ಅಂಗೈ ಅಗಲದ ಎಣ್ಣೆ ಕಲೆ. ಏರು ಹತ್ತುವಾಗ ಪಿಕಪ್ ಇಲ್ಲ. ಒಂದು ವರ್ಷ ಹೀಗೇ ಓಡಿಸಿದೆವು. ಕೊನೆಗೆ ನಾನೂ ತಂಗಿಯೂ ಕೂತು ಮಾತಾಡಿ, ಎಂಜಿನ್ ಇಳಿಸಿಬಿಡೋಣ ಅಂತ ತೀರ್ಮಾನ ಮಾಡಿದೆವು.

ಇಳಿಸಿದ ಮೇಲೆ ಏನು? ಅದು ದೊಡ್ಡ ಪ್ರಶ್ನೆ. ಹಳೆಯದನ್ನೇ ರೀಬೋರ್ ಮಾಡಿಸಿ ಕೂರಿಸುವುದಾ, ಇಲ್ಲಾ ಕ್ರೇಟ್ ಎಂಜಿನ್ ತರಿಸುವುದಾ? ಕ್ರೇಟ್ ಎಂಜಿನ್ ಅಂದರೆ ಜೋಡಿಸಿ, ಪೆಟ್ಟಿಗೆಯಲ್ಲಿಟ್ಟು ಕಳಿಸುವ ಹೊಚ್ಚ ಹೊಸ ಎಂಜಿನ್. ನಾವು ಆರಿಸಿಕೊಂಡದ್ದು ಷೆವರ್ಲೆಯದೇ 350 ಘನ ಇಂಚಿನದು, 290 ಎಚ್‌ಪಿ. ಎರಡೂ ಒಂದೇ ವಂಶ. 1955ರಲ್ಲಿ 265 ಘನ ಇಂಚಿನಿಂದ ಶುರುವಾದ ಷೆವರ್ಲೆ ಸ್ಮಾಲ್ ಬ್ಲಾಕ್‌ನ ಮಕ್ಕಳು. ಬೋರ್ (ಸಿಲಿಂಡರ್‌ನ ಅಗಲ) 4 ಇಂಚು, ಸ್ಟ್ರೋಕ್ (ಪಿಸ್ಟನ್ ಓಡುವ ದೂರ) 3.48 ಇಂಚು. ಎರಡರಲ್ಲೂ ಅಷ್ಟೇ. ಕಬ್ಬಿಣದ ಬ್ಲಾಕ್, ಕಬ್ಬಿಣದ ಹೆಡ್. ಕಿಡಿ ಹತ್ತುವ ಸರದಿಯೂ ಒಂದೇ: 1-8-4-3-6-5-7-2. ಹಾಗಿದ್ದರೆ ವ್ಯತ್ಯಾಸ ಎಲ್ಲಿ? ಅದನ್ನು ಕೈಯಾರೆ ಅಳೆದು ನೋಡಿದ ಲೆಕ್ಕ ಇಲ್ಲಿದೆ.

200 ಮತ್ತು 290

ಮೊದಲು ಕಾಗದದ ಮೇಲಿನ ಸಂಖ್ಯೆ. ನಮ್ಮ ಕಾರು ಹೊಸದಾಗಿ ಬಂದಾಗ 200 ಎಚ್‌ಪಿ, 4400 ಆರ್‌ಪಿಎಂನಲ್ಲಿ. ಟಾರ್ಕ್ 300 ಪೌಂಡ್-ಅಡಿ, 2800ರಲ್ಲಿ. ಕ್ರೇಟ್ ಎಂಜಿನ್ 290 ಎಚ್‌ಪಿ, 5100ರಲ್ಲಿ. ಟಾರ್ಕ್ 326, ಅದು 3750ರಲ್ಲಿ. ನೋಡಿದ ತಕ್ಷಣ 90 ಕುದುರೆ ಜಾಸ್ತಿ ಸಿಗುತ್ತದೆ ಅನಿಸುತ್ತದೆ ಅಲ್ವಾ? ನನಗೂ ಹಾಗೇ ಅನಿಸಿತ್ತು.

ಆದರೆ ಈ ಎರಡು ಸಂಖ್ಯೆಗಳನ್ನು ತೂಗಿದ ತಕ್ಕಡಿ ಬೇರೆ ಬೇರೆ. 1971ರಲ್ಲಿ ಇದೇ ಮೂಲ ಎಂಜಿನ್‌ಗೆ 270 ಎಚ್‌ಪಿ ಅಂತ ಬರೆದಿದ್ದರು. ಮರುವರ್ಷ 200. ಕಂಪ್ರೆಷನ್ ಎರಡೂ ವರ್ಷ 8.5ಕ್ಕೆ 1. ಹಾಗಿದ್ದರೂ 70 ಕುದುರೆ ಕಾಗದದಿಂದ ಮಾಯ. ಕಾರಣ ಇಷ್ಟೇ: 1971ರ 270 ಗ್ರಾಸ್ ಲೆಕ್ಕ. ಎಂಜಿನ್ನನ್ನು ಸ್ಟ್ಯಾಂಡ್ ಮೇಲಿಟ್ಟು, ಏರ್ ಕ್ಲೀನರ್ ಇಲ್ಲದೆ, ಬೆಲ್ಟ್‌ನಲ್ಲಿ ತಿರುಗುವ ಭಾರಗಳಿಲ್ಲದೆ, ಹೊಗೆಗೆ ತಡೆಯೇ ಇಲ್ಲದ ಕೊಳವೆ ಹಾಕಿ ಅಳೆದದ್ದು. 1972ರ 200 ನೆಟ್ ಲೆಕ್ಕ. ಕಾರಿನಲ್ಲಿ ಇರುವಂತೆಯೇ ಎಲ್ಲವನ್ನೂ ಕಟ್ಟಿ ಅಳೆದದ್ದು. ಕ್ರೇಟ್ ಎಂಜಿನ್‌ನ 290 ಕೂಡ ಸ್ಟ್ಯಾಂಡ್ ಮೇಲಿನ ಸಂಖ್ಯೆಯೇ. ಅದನ್ನು ಇಡಬೇಕಾದದ್ದು 200ರ ಪಕ್ಕದಲ್ಲಲ್ಲ, 270ರ ಪಕ್ಕದಲ್ಲಿ. ಆಗ ಅಂತರ 20ಕ್ಕೆ ಬಂತು.

ಇದು ಗೊತ್ತಾದ ಮೇಲೆ ನನಗೆ ಬೇಜಾರಾಗಲಿಲ್ಲ. ನಿರೀಕ್ಷೆ ಸರಿಯಾದ ಜಾಗಕ್ಕೆ ಬಂತು, ಅಷ್ಟೇ. ಆದರೆ ಈ ಲೆಕ್ಕ ತಿಳಿಯದೆ ಎಂಜಿನ್ ತಂದು ಹಾಕಿ, ಆಮೇಲೆ "ಹೊಸದು ಎಳೀತಾನೇ ಇಲ್ಲ" ಅಂತ ಕೊರಗುವವರು ತುಂಬ ಜನ. ಅವರಿಗಾಗಿ ಮೊದಲೇ ಹೇಳುತ್ತಿದ್ದೇನೆ.

ಹಳೆಯ ಎಂಜಿನ್ ಬಿಚ್ಚಿದಾಗ

ಇಳಿಸುವ ಮೊದಲು ಎಂಟೂ ಸಿಲಿಂಡರ್‌ಗಳ ಕಂಪ್ರೆಷನ್ ನೋಡಿದೆವು. ಏಳು ಸಿಲಿಂಡರ್ 135ರಿಂದ 145 ಪಿಎಸ್‌ಐ. 7ನೇದು ಮಾತ್ರ 90. ಅದಕ್ಕೆ ಒಂದು ಚಮಚ ಎಣ್ಣೆ ಬಿಟ್ಟು ಮತ್ತೆ ನೋಡಿದರೆ 125ಕ್ಕೆ ಏರಿತು. ಎಣ್ಣೆ ಬಿಟ್ಟಾಗ ಏರಿದರೆ ಸೋರಿಕೆ ವಾಲ್ವ್‌ನಲ್ಲಲ್ಲ, ಪಿಸ್ಟನ್ ರಿಂಗ್ ಮತ್ತು ಬೋರ್ ನಡುವೆ. ಹೆಡ್ ತೆಗೆದ ಮೇಲೆ ಕಣ್ಣಿಗೇ ಕಂಡಿತು. ಬೋರ್‌ನ ಮೇಲಂಚಿನಲ್ಲಿ ಉಗುರಿಗೆ ತಡೆಯುವಷ್ಟು ಮೆಟ್ಟಿಲು. ಅದರ ಕೆಳಗೆ ಅಳೆದರೆ 0.008 ಇಂಚು ಸವೆದಿತ್ತು. ಸುಮಾರು 0.2 ಮಿಲಿಮೀಟರ್. ಬೆಳಗಿನ ನೀಲಿ ಹೊಗೆಗೆ ವಾಲ್ವ್ ಸೀಲ್‌ಗಳೂ ಕಾರಣ. ಮುಟ್ಟಿದರೆ ಒಣಗಿದ ಹುಣಸೆ ಸಿಪ್ಪೆಯಂತೆ ಪುಡಿಯಾದವು.

ನನಗೆ ನಿಜವಾಗಿ ಪಾಠ ಕಲಿಸಿದ್ದು ಕ್ಯಾಮ್, ಅಂದರೆ ತನ್ನ ಉಬ್ಬುಗಳಿಂದ ವಾಲ್ವ್‌ಗಳನ್ನು ತೆರೆಯುವ ಶಾಫ್ಟ್. ಪುಶ್‌ರಾಡ್ ಮೇಲೆ ಡಯಲ್ ಗೇಜ್ ಇಟ್ಟು, ಕ್ರ್ಯಾಂಕನ್ನು ಕೈಯಲ್ಲೇ ನಿಧಾನಕ್ಕೆ ತಿರುಗಿಸಿ, ಒಂದೊಂದು ಉಬ್ಬು ಎಷ್ಟು ಎತ್ತುತ್ತದೆ ಅಂತ ಬರೆದುಕೊಂಡೆವು. ತಂಗಿ ಪಾನಾ ಹಿಡಿದು ತಿರುಗಿಸಿದಳು, ನಾನು ಮುಳ್ಳು ನೋಡಿದೆ. ಈ ಎಂಜಿನ್‌ನ ಮೂಲ ಕ್ಯಾಮ್‌ನಲ್ಲಿ ಒಳಹರಿವಿನ ಉಬ್ಬು 0.260 ಇಂಚು, ಹೊರಹರಿವಿನದು 0.273 ಎತ್ತಬೇಕು. ರಾಕರ್ ಅದನ್ನು ಒಂದೂವರೆ ಪಟ್ಟು ಮಾಡಿ ವಾಲ್ವ್‌ಗೆ ಕೊಡುತ್ತದೆ. ಅಂದರೆ 0.390 ಮತ್ತು 0.410. ಹದಿನೈದು ಉಬ್ಬು ಹೆಚ್ಚುಕಡಿಮೆ ಸರಿ ಇದ್ದವು. 3ನೇ ಸಿಲಿಂಡರ್‌ನ ಹೊರಹರಿವಿನ ಉಬ್ಬು ಮಾತ್ರ 0.200.

"ಅಣ್ಣಾ, ಮುಳ್ಳು ಸಿಕ್ಕಿಕೊಂಡಿರಬೇಕು, ಇನ್ನೊಂದು ಸಲ ನೋಡು" ಅಂದಳು. ಮೂರು ಸಲ ನೋಡಿದೆ. ಅದೇ ಸಂಖ್ಯೆ. ಆ ಉಬ್ಬಿನ ಮೇಲೆ ಕೂರುವ ಟ್ಯಾಪೆಟ್ ಹೊರಗೆ ತೆಗೆದಾಗ ಅದರ ತಳ ತಟ್ಟೆಯ ಹಾಗೆ ಗುಂಡಿ ಬಿದ್ದಿತ್ತು. ಹೊಸದರಲ್ಲಿ ಆ ತಳ ಬರಿಗಣ್ಣಿಗೆ ಕಾಣದಷ್ಟು ಉಬ್ಬಿರುತ್ತದೆ.

ಅಂದರೆ ಏರಿನಲ್ಲಿ ಪಿಕಪ್ ಇಲ್ಲ ಅಂತ ನಾವು ಬೈಯುತ್ತಿದ್ದದ್ದು ಷೆವರ್ಲೆ ಮಾಡಿದ ಎಂಜಿನ್ನನ್ನಲ್ಲ. ಒಂದು ಸಿಲಿಂಡರ್ ಸೋರುತ್ತಿದ್ದ, ಇನ್ನೊಂದು ಸರಿಯಾಗಿ ಉಸಿರು ಬಿಡಲಾಗದಿದ್ದ ಎಂಜಿನ್ನನ್ನು. ಸವೆದ ಹಳೆಯದರ ಎದುರು ಯಾವ ಹೊಸದನ್ನು ಇಟ್ಟರೂ ಹೊಸದೇ ಗೆಲ್ಲುತ್ತದೆ. ಅದು ಹೋಲಿಕೆಯೇ ಅಲ್ಲ. ಹಾಗಾಗಿ ಇಲ್ಲಿಂದ ಮುಂದೆ ಹಳೆಯದು ಅಂದಾಗಲೆಲ್ಲ, ಸರಿಯಾಗಿದ್ದಾಗ ಅದು ಹೇಗಿತ್ತೋ ಹಾಗೆ ಅಂತ ಓದಿಕೊಳ್ಳಿ.

ಹಾಗಾದರೆ ಹಳೆಯದನ್ನೇ ಯಾಕೆ ರಿಪೇರಿ ಮಾಡಲಿಲ್ಲ?

ಮಾಡಬಹುದಿತ್ತು. ಬೋರ್ 0.030 ಇಂಚು ದೊಡ್ಡದು ಮಾಡಿಸಿ, ಹೊಸ ಪಿಸ್ಟನ್, ಹೊಸ ಕ್ಯಾಮ್ ಹಾಕಿದರೆ ಚೆನ್ನಾಗಿಯೇ ಓಡುತ್ತದೆ. ತಡೆದದ್ದು ಬೆರಳಗಲದ ಒಂದು ಜಾಗ.

ಬ್ಲಾಕ್‌ನ ಮುಂದೆ, ಬಲಗಡೆಯ ಹೆಡ್‌ನ ಅಂಚಿನಲ್ಲಿ ಒಂದು ಸಣ್ಣ ಚಪ್ಪಟೆ ಜಾಗ ಇದೆ. ಅಲ್ಲಿ ಎರಡು ಗುರುತು ಹೊಡೆದಿರುತ್ತಾರೆ. ಒಂದು ಎಂಜಿನ್ ಜೋಡಿಸಿದ ಕಾರ್ಖಾನೆ ಮತ್ತು ದಿನಾಂಕ. ನಮ್ಮದು V ಅಕ್ಷರದಿಂದ ಶುರು. ಅಂದರೆ ಫ್ಲಿಂಟ್ ಕಾರ್ಖಾನೆ. ಇನ್ನೊಂದು ಕಾರಿನ ನಂಬರಿನ ಕೊನೆಯ ಭಾಗ. ಅದರಲ್ಲಿರುವ S ಅಂದರೆ ಸೇಂಟ್ ಲೂಯಿಸ್, ಕಾರು ಜೋಡಿಸಿದ ಊರು. 1972ರಿಂದ ಕಾರಿನ ನಂಬರಿನಲ್ಲೇ ಎಂಜಿನ್ ಯಾವುದು ಅಂತ ಹೇಳುವ ಅಕ್ಷರವೂ ಇದೆ. ನಮ್ಮದರಲ್ಲಿ K, 200 ಎಚ್‌ಪಿಯ 350. ಎಲ್ಲವೂ ಒಂದಕ್ಕೊಂದು ತಾಳೆಯಾಗುತ್ತವೆ. ಈ ಕಾರು ಈ ಎಂಜಿನ್ ಜೊತೆಗೇ ಹುಟ್ಟಿದ್ದು.

ಗುರುತಿನ ಜಾಗವನ್ನು ಪೆಟ್ರೋಲಿನಲ್ಲಿ ಅದ್ದಿದ ಬಟ್ಟೆಯಿಂದ ಮೆಲ್ಲಗೆ ಒರೆಸಿ, ಟಾರ್ಚನ್ನು ಅಡ್ಡವಾಗಿ ಹಿಡಿದು ನೋಡಿ. ಅಕ್ಷರಗಳ ಹಿಂದೆ ಕೂದಲಿನಷ್ಟು ಸಣ್ಣ ಗೆರೆಗಳು ಸಾಲಾಗಿ ಕಾಣುತ್ತವೆ. ಕಾರ್ಖಾನೆಯಲ್ಲಿ ಬ್ಲಾಕ್‌ನ ಮೇಲ್ಮೈ ಹೆರೆದಾಗ ಮೂಡಿದ ಗೆರೆಗಳು. ಬ್ಲಾಕ್ ಸಮಮಟ್ಟ ಮಾಡಲು ಮತ್ತೊಮ್ಮೆ ಹೆರೆಸಿದರೆ ಆ ಗೆರೆ, ಆ ಅಕ್ಷರ ಎಲ್ಲ ಹೋಗಿಬಿಡುತ್ತದೆ. ಮೆಷಿನ್ ಶಾಪ್‌ಗೆ ಬ್ಲಾಕ್ ಕೊಡುವಾಗ "ಮೇಲ್ಮೈ ಮುಟ್ಟಬೇಡಿ" ಅಂತ ಬಾಯಲ್ಲಿ ಹೇಳಿದರೆ ಸಾಲದು. ಬರೆದು ಅಂಟಿಸಬೇಕು. ನಮಗೆ ಅವಸರ ಇತ್ತು. ಅವಸರದಲ್ಲಿ ಇಂಥ ಕೆಲಸ ಕೊಡಬಾರದು ಅನಿಸಿತು. ಕಾರು ಈಗಲೇ ಓಡಬೇಕು, ಹಳೆಯ ಬ್ಲಾಕ್ ಕಾಯಬಹುದು. ಹಾಗಾಗಿ ಕ್ರೇಟ್.

ಒಂದು ಮಾತು ಖಂಡಿತವಾಗಿ ಹೇಳಬೇಕು. ಹೊಸ ಬ್ಲಾಕ್‌ನ ಆ ಜಾಗದಲ್ಲಿ ಹಳೆಯ ನಂಬರ್ ಹೊಡೆಸಿಕೊಳ್ಳುವವರಿದ್ದಾರೆ. ಅದು ಮೋಸ. ಮುಂದೆ ಕಾರು ಕೊಳ್ಳುವವರಿಗೆ ಹೇಳುವ ಸುಳ್ಳು. ನಮ್ಮ ಹೊಸ ಬ್ಲಾಕ್‌ನ ಜಾಗ ಖಾಲಿಯಾಗಿಯೇ ಇದೆ, ಹಾಗೇ ಇರುತ್ತದೆ.

ಪೆಟ್ಟಿಗೆ ಬಿಚ್ಚಿ ಪಕ್ಕಪಕ್ಕ ಇಟ್ಟಾಗ

ಎರಡನ್ನೂ ಸ್ಟ್ಯಾಂಡ್ ಮೇಲೆ ಅಕ್ಕಪಕ್ಕ ನಿಲ್ಲಿಸಿದೆವು. ಹೊರಗಿನಿಂದ ನೋಡಿದರೆ ಅವಳಿ. ಹೊಸದರ ಕಂಪ್ರೆಷನ್ ಅನುಪಾತ ಹಳೆಯದಕ್ಕಿಂತ ಕಡಿಮೆ, 8ಕ್ಕೆ 1. ಹೆಡ್‌ನ ಗುಳಿ 76 ಸಿಸಿ. ವಾಲ್ವ್ 1.94 ಮತ್ತು 1.50 ಇಂಚು. ಇಷ್ಟೂ ಹಳೆಯದಕ್ಕಿಂತ ಏನೂ ಮೇಲಲ್ಲ. ಹಾಗಿದ್ದರೆ ಶಕ್ತಿ ಬರುವುದು ಎಲ್ಲಿಂದ?

ಕ್ಯಾಮ್‌ನಿಂದ. ಹೆಚ್ಚುಕಡಿಮೆ ಪೂರ್ತಿ ಕ್ಯಾಮ್‌ನಿಂದಲೇ. ಹೊಸದರಲ್ಲಿ ವಾಲ್ವ್ 0.450 ಮತ್ತು 0.460 ಇಂಚು ಏಳುತ್ತದೆ. ತೆರೆದಿರುವ ಹೊತ್ತೂ ಜಾಸ್ತಿ. ಟ್ಯಾಪೆಟ್ 0.050 ಇಂಚು ಎದ್ದಲ್ಲಿಂದ ಅಳೆದರೆ ಹಳೆಯ ಕ್ಯಾಮ್ 195 ಮತ್ತು 202 ಡಿಗ್ರಿ. ಹೊಸದು ಎರಡೂ ಕಡೆ 222. ಮೇಲಿನ ಸ್ಪೀಡಿನಲ್ಲಿ ಎಂಜಿನ್‌ಗೆ ಉಸಿರಾಡಲು ಪುರುಸೊತ್ತು ಸಿಗುತ್ತದೆ. ಅದಕ್ಕೇ ಅದರ ಟಾರ್ಕ್ ಹೆಚ್ಚಾಗುವುದು 3750ರಲ್ಲಿ. ಹಳೆಯದು 2800ರಲ್ಲೇ ಪೂರ್ತಿ ಕೊಟ್ಟುಬಿಡುತ್ತಿತ್ತು. ಈ ಒಂದು ವ್ಯತ್ಯಾಸ ಮುಂದೆ ನಮಗೆ ಎಲ್ಲೆಲ್ಲೋ ಸಿಗುತ್ತದೆ. ಹೆಡ್‌ಲೈಟ್‌ನಲ್ಲೂ.

ಹೊಸ ಬ್ಲಾಕ್‌ನಲ್ಲಿ ಕ್ರ್ಯಾಂಕ್ ಹಿಡಿಯುವ ಕ್ಯಾಪ್‌ಗಳಿಗೆ ನಾಲ್ಕು ನಾಲ್ಕು ಬೋಲ್ಟ್. ಗಟ್ಟಿ. ನಾವು ಓಡಿಸುವ ರೀತಿಗೆ ಎರಡಿದ್ದರೂ ಸಾಕು. ಅದರ ಬಗ್ಗೆ ಹೆಚ್ಚು ಬರೆಯುವುದಿಲ್ಲ.

ಬರೆಯಲೇಬೇಕಾದದ್ದು ಹಿಂದಿನ ತುದಿಯ ಬಗ್ಗೆ. 1986ರಿಂದ ಈ ಎಂಜಿನ್‌ಗಳಲ್ಲಿ ಕ್ರ್ಯಾಂಕ್‌ನ ಹಿಂದಿನ ಎಣ್ಣೆ ಸೀಲ್ ಎರಡು ತುಂಡಿನ ಬದಲು ಒಂದೇ ತುಂಡಿನದಾಯಿತು. ಅದರ ಜೊತೆ ಕ್ರ್ಯಾಂಕ್‌ನ ಹಿಂಬದಿಯೂ ಬದಲಾಯಿತು. ಫ್ಲೈವೀಲ್ ಬೋಲ್ಟ್‌ಗಳ ವೃತ್ತ 3.58 ಇಂಚು ಇದ್ದದ್ದು 3 ಇಂಚಿಗೆ ಇಳಿಯಿತು. ಫ್ಲೈವೀಲ್‌ಗೇ ತೂಕದ ತುಂಡು ಸೇರಿಸಿ ಸಮತೋಲನ ಮಾಡಬೇಕಾಯಿತು. 1972ರ ಫ್ಲೈವೀಲ್ ಅದಕ್ಕೆ ಕೂರುವುದೇ ಇಲ್ಲ. 290 ಎಚ್‌ಪಿಯ ಈ ಎಂಜಿನ್ ಹಳೆಯ ರೀತಿಯದು, ಎರಡು ತುಂಡಿನ ಸೀಲ್. ನಾವು ಇದನ್ನೇ ಆರಿಸಲು ಮುಖ್ಯ ಕಾರಣ ಇದು. ಹಳೆಯ ಫ್ಲೈವೀಲ್ ಹೆರೆಸಿ ಅದನ್ನೇ ಹಾಕಿದೆವು. ಸ್ಟಾರ್ಟರ್ ಕೂಡ ಹಳೆಯದೇ.

ಕೂರಿಸುವ ಮೊದಲು ಬ್ಲಾಕ್‌ನ ಎಡಬದಿ ತಡವಿ ನೋಡಿ. ಗೇರ್ ಕಾರಾದರೆ ಕ್ಲಚ್‌ನ ಅಡ್ಡ ಕಡ್ಡಿ ಅಲ್ಲಿಯ ಗುಂಡು ಬೋಲ್ಟ್ ಮೇಲೆ ನಿಲ್ಲುತ್ತದೆ. ಆ ತೂತು ಇಲ್ಲದ ಬ್ಲಾಕ್‌ಗಳೂ ಇವೆ. ನಮ್ಮದರಲ್ಲಿ ತೂತಿತ್ತು, ಅದರ ತಿರುಪಿನ ಎಳೆಗಳ ತುಂಬ ಬಣ್ಣ ಮೆತ್ತಿತ್ತು. ಟ್ಯಾಪ್ ಹಾಕಿ ಬಿಡಿಸಿದೆ. ಕ್ರ್ಯಾಂಕ್ ತುದಿಯಲ್ಲಿ ಗೇರ್‌ಬಾಕ್ಸ್ ಶಾಫ್ಟ್ ಕೂರುವ ಪೈಲಟ್ ಬುಶ್ ಇರಲಿಲ್ಲ. ಅದನ್ನು ಮರೆತು ಎಂಜಿನ್ ಕೂರಿಸಿದರೆ ಮತ್ತೆ ಇಳಿಸಬೇಕು. ಡಿಪ್‌ಸ್ಟಿಕ್ ಯಾವ ಕಡೆ ಅನ್ನುವುದನ್ನೂ ಕೊಳ್ಳುವ ಮೊದಲೇ ಕೇಳಿ. 1980ಕ್ಕಿಂತ ಹಿಂದಿನ ಬ್ಲಾಕ್‌ಗಳಲ್ಲಿ ಎಡಕ್ಕೆ, ಆಮೇಲಿನವುಗಳಲ್ಲಿ ಬಲಕ್ಕೆ.

ಹಳೆಯದರಿಂದ ಹೊಸದಕ್ಕೆ ಬಂದ ವಸ್ತುಗಳು

ಇಲ್ಲಿ ನನ್ನ ಮನಸ್ಸು ಬದಲಾಯಿತು. ಕ್ರೇಟ್ ಅಂದರೆ ಪೂರ್ತಿ ಎಂಜಿನ್ ಅಂದುಕೊಂಡಿದ್ದೆ. ನಮಗೆ ಬಂದದ್ದು ಬ್ಲಾಕ್, ಹೆಡ್, ಒಳಗಿನ ತಿರುಗುವ ಭಾಗಗಳು. ಅದಕ್ಕೆ ಉಸಿರು, ಕಿಡಿ, ನೀರು, ಪೆಟ್ರೋಲ್ ಎಲ್ಲ ಹಳೆಯದರಿಂದಲೇ ಬರಬೇಕು. ಮತ್ತೆ ಕಾರ್ವೆಟ್‌ನಲ್ಲಿ ಆ ವಸ್ತುಗಳು ಬೇರೆ ಷೆವರ್ಲೆಗಳ ಹಾಗಲ್ಲ.

ನೀರಿನ ಪಂಪ್ ನೋಡಿ. ಉಳಿದ ಷೆವರ್ಲೆ ಕಾರುಗಳು 1969ರಲ್ಲಿ ಉದ್ದ ಪಂಪ್‌ಗೆ ಹೋದವು. ಕಾರ್ವೆಟ್ ಗಿಡ್ಡ ಪಂಪನ್ನೇ ಇಟ್ಟುಕೊಂಡಿತು. ಉದ್ದದ್ದು ಹಾಕಿದರೆ ಪುಲ್ಲಿಗಳ ಸಾಲು ತಪ್ಪುತ್ತದೆ.

ಪ್ಲಗ್‌ಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರ್ ಇನ್ನೂ ವಿಶೇಷ. 1972ರ ಕಾರಿನಲ್ಲಿ ಆರ್‌ಪಿಎಂ ಮೀಟರ್‌ಗೆ ವೈರ್ ಇಲ್ಲ, ಕೇಬಲ್. ಅದು ತಿರುಗುವುದು ಡಿಸ್ಟ್ರಿಬ್ಯೂಟರ್‌ನ ಪಕ್ಕದ ಸಣ್ಣ ಹಲ್ಲಿನ ಚಕ್ರದಿಂದ. ಅಂಗಡಿಯಲ್ಲಿ ಸಿಗುವ ಸಾಮಾನ್ಯ ಡಿಸ್ಟ್ರಿಬ್ಯೂಟರ್ ಹಾಕಿದರೆ ಮೀಟರ್ ಸತ್ತಂತೆ. ಹಾಗಾಗಿ ಹಳೆಯದನ್ನೇ ಬಿಚ್ಚಿ ತೊಳೆದು, ಬುಶ್ ಬದಲಿಸಿ, ಹೊಸ ಪಾಯಿಂಟ್ ಹಾಕಿದೆ. ಅದರ ಕೆಳಗಿನ ಗೇರ್ ಕಬ್ಬಿಣದ್ದು. ಹೊಸ ಕ್ಯಾಮ್ ಕೂಡ ಎರಕದ ಕಬ್ಬಿಣದ್ದು, ರೋಲರ್ ಇಲ್ಲದ ಚಪ್ಪಟೆ ಟ್ಯಾಪೆಟ್‌ನದು. ಎರಡೂ ಹೊಂದುತ್ತವೆ. ಉಕ್ಕಿನ ರೋಲರ್ ಕ್ಯಾಮ್ ಆಗಿದ್ದರೆ ಆ ಗೇರ್ ಬದಲಿಸಲೇಬೇಕಿತ್ತು.

ಪ್ಲಗ್ ವೈರ್‌ಗಳ ಮೇಲಿನ ಹೊಳೆಯುವ ತಗಡಿನ ಮುಚ್ಚಳಗಳನ್ನು ತುಂಬ ಜನ ಅಲಂಕಾರ ಅಂದುಕೊಂಡು ಬಿಸಾಡುತ್ತಾರೆ. ಅವು ರೇಡಿಯೊಗಾಗಿ. ಕಾರ್ವೆಟ್‌ನ ಮೈ ಫೈಬರ್‌ಗ್ಲಾಸ್. ಉಕ್ಕಿನ ಬಾನೆಟ್ ಕಿಡಿಯ ಗದ್ದಲವನ್ನು ತಡೆಯುತ್ತದೆ, ಫೈಬರ್ ತಡೆಯುವುದಿಲ್ಲ. ಆ ಕೆಲಸ ಈ ತಗಡು ಮಾಡುತ್ತದೆ. ಒಂದನ್ನೂ ಬಿಡದೆ ಹಾಕಿದೆವು.

ರೋಚೆಸ್ಟರ್ ಕ್ವಾಡ್ರಜೆಟ್ ಕಾರ್ಬ್ಯುರೇಟರ್, ಅದರ ಕಬ್ಬಿಣದ ಇನ್‌ಟೇಕ್, ಹೊಗೆ ಹೋಗುವ ಟಗರು ಕೊಂಬಿನ ಆಕಾರದ ಮ್ಯಾನಿಫೋಲ್ಡ್‌ಗಳು, ಎಲ್ಲ ಹಳೆಯವು. ಈ ಕೊಳವೆಗಳಲ್ಲಿ 290 ಎಚ್‌ಪಿ ಹೊರಬರಲ್ಲ ಅಂತ ಗೊತ್ತಿದ್ದೇ ಹಾಕಿದೆ. ಬಾನೆಟ್ ತಗ್ಗು, ಎತ್ತರದ ಇನ್‌ಟೇಕ್‌ಗೆ ಜಾಗವಿಲ್ಲ. ಅದಕ್ಕಿಂತ ಹೆಚ್ಚಾಗಿ, ಬಾನೆಟ್ ಎತ್ತಿದಾಗ ಅದು 1972ರ ಕಾರಿನಂತೆಯೇ ಕಾಣಬೇಕು ಅನ್ನುವ ಆಸೆ. ಬ್ಲಾಕ್‌ಗೂ ಷೆವರ್ಲೆಯ ಕಿತ್ತಳೆ ಬಣ್ಣ ಹೊಡೆದೆವು.

ಪೆಟ್ರೋಲ್ ಪಂಪ್ ಹಾಕುವಾಗ ಒಂದು ಕೈಚಳಕ ಬೇಕು. ಅದನ್ನು ತಳ್ಳುವ ಉಕ್ಕಿನ ಕಡ್ಡಿ ಬ್ಲಾಕ್‌ನೊಳಗಿನಿಂದ ಪದೇ ಪದೇ ಕೆಳಗೆ ಜಾರುತ್ತದೆ. ಗಟ್ಟಿ ಗ್ರೀಸ್ ಬಳಿದು ಮೇಲಕ್ಕೆ ತಳ್ಳಿದರೆ ಒಂದೆರಡು ನಿಮಿಷ ಅಂಟಿಕೊಂಡು ನಿಲ್ಲುತ್ತದೆ. ಅಷ್ಟರಲ್ಲಿ ಪಂಪ್ ಕೂರಿಸಿ ಬೋಲ್ಟ್ ಹಿಡಿಸಬೇಕು.

ಮೊದಲ ಇಪ್ಪತ್ತು ನಿಮಿಷ

ಚಪ್ಪಟೆ ಟ್ಯಾಪೆಟ್ ಕ್ಯಾಮ್‌ಗೆ ಮೊದಲ ಓಟವೇ ಆಯುಷ್ಯ. ಸತು ಇರುವ ಎಣ್ಣೆ ಹಾಕಿದೆವು. ಡಿಸ್ಟ್ರಿಬ್ಯೂಟರ್ ಕೂರುವ ತೂತಿನೊಳಗೆ ಪ್ರೈಮಿಂಗ್ ಕಡ್ಡಿ ಇಳಿಸಿ, ಡ್ರಿಲ್ ಮೆಷಿನ್‌ನಲ್ಲಿ ಆಯಿಲ್ ಪಂಪನ್ನು ತಿರುಗಿಸಿದೆ. ಮೊದಲು ಡ್ರಿಲ್ ಹಗುರವಾಗಿ ಓಡುತ್ತದೆ. ಎಣ್ಣೆ ಏರಿದ ಕ್ಷಣ ಮಣಿಕಟ್ಟಿಗೆ ಭಾರ ಗೊತ್ತಾಗುತ್ತದೆ. ತಂಗಿ ರಾಕರ್‌ಗಳ ಮೇಲೆ ಬಾಗಿ ಕಾಯುತ್ತಿದ್ದಳು. ಕ್ರ್ಯಾಂಕನ್ನು ಕಾಲು ಸುತ್ತು, ಇನ್ನೂ ಕಾಲು ಸುತ್ತು ತಿರುಗಿಸಿ ಮತ್ತೆ ಮತ್ತೆ ಡ್ರಿಲ್ ಓಡಿಸಿದೆವು. "ಬಂತು ಅಣ್ಣಾ, ಕೊನೇದಕ್ಕೂ ಬಂತು!" ಹದಿನಾರೂ ರಾಕರ್‌ಗಳಲ್ಲಿ ಎಣ್ಣೆ ಹೊಳೆಯುತ್ತಿತ್ತು.

ಸ್ಟಾರ್ಟ್ ಆದ ತಕ್ಷಣ 2000ಕ್ಕೆ ಏರಿಸಿ, 2000ದಿಂದ 2500ರ ನಡುವೆ ಇಪ್ಪತ್ತು ನಿಮಿಷ. ಐಡಲ್‌ಗೆ ಬಿಡುವಂತಿಲ್ಲ. ನಿಧಾನಕ್ಕೆ ತಿರುಗಿದರೆ ಉಬ್ಬುಗಳ ಮೇಲೆ ಎಣ್ಣೆ ಸರಿಯಾಗಿ ಚಿಮ್ಮುವುದಿಲ್ಲ. ಹಳೆಯ 3ನೇ ಸಿಲಿಂಡರ್‌ನ ಗತಿ ಕಣ್ಣ ಮುಂದೆಯೇ ಇತ್ತು.

ಹದಿನೈದನೇ ನಿಮಿಷಕ್ಕೆ ಏನೋ ಸರಿಯಿಲ್ಲ ಅನಿಸಿತು. ನೀರು ಬಿಸಿ ಜಾಸ್ತಿ. ಶೆಡ್‌ನ ದೀಪ ಆರಿಸಿ ನೋಡಿದರೆ ಮ್ಯಾನಿಫೋಲ್ಡ್‌ನ ಕೊಂಬು ಬೂದಿ ಮುಚ್ಚಿದ ಕೆಂಡದ ಹಾಗೆ ಮಂಕಾಗಿ ಕೆಂಪಗಿತ್ತು. ಇಪ್ಪತ್ತು ನಿಮಿಷ ಹೇಗೋ ಮುಗಿಸಿ ಆರಿಸಿದೆ. ಮರುದಿನ ಐಡಲ್‌ನಲ್ಲಿ ವ್ಯಾಕ್ಯೂಮ್ (ಎಂಜಿನ್ ಗಾಳಿ ಎಳೆಯುವ ಸೆಳೆತ) ಅಳೆಯುವ ಗೇಜ್ ಹಾಕಿದರೆ 11 ಇಂಚು, ಪಾದರಸದ ಲೆಕ್ಕದಲ್ಲಿ. ಹಳೆಯ ಎಂಜಿನ್, ಅಷ್ಟು ಸವೆದಿದ್ದರೂ, 17 ತೋರಿಸುತ್ತಿತ್ತು.

ಸಂಜೆ ಹೆಡ್‌ಲೈಟ್ ಹಾಕಿದೆ. ಈ ಕಾರಿನ ಹೆಡ್‌ಲೈಟ್‌ಗಳು ಮುಚ್ಚಿಕೊಂಡಿರುತ್ತವೆ. ಅವನ್ನು ಮೇಲೆತ್ತುವುದು ಮೋಟಾರ್ ಅಲ್ಲ, ಎಂಜಿನ್‌ನ ವ್ಯಾಕ್ಯೂಮ್. ವೈಪರ್ ಮೇಲಿನ ಮುಚ್ಚಳ ಏಳುವುದೂ ಅದರಿಂದಲೇ. ಬಲಗಡೆಯದು ಎದ್ದಿತು. ಎಡಗಡೆಯದು ಅರ್ಧಕ್ಕೆ ಬಂದು ನಿಂತಿತು, ನಿದ್ದೆಗಣ್ಣಿನ ಮಗುವಿನ ಹಾಗೆ.

ತಪ್ಪೆಲ್ಲ ಹೊಸ ಕ್ಯಾಮ್‌ನದು ಅಂತ ನಾನು ತೀರ್ಮಾನ ಮಾಡಿಬಿಟ್ಟೆ. ವಾಲ್ವ್‌ಗಳು ಹೆಚ್ಚು ಹೊತ್ತು ತೆರೆದಿದ್ದರೆ ಐಡಲ್‌ನಲ್ಲಿ ವ್ಯಾಕ್ಯೂಮ್ ಇಳಿಯುವುದು ನಿಜ. ಕ್ರೇಟ್ ತಂದದ್ದೇ ತಪ್ಪಾಯಿತೇನೋ ಅಂತ ಎರಡು ದಿನ ಸುಮ್ನೆ ಸಂಕಟಪಟ್ಟೆ. ತಂಗಿ ಒಪ್ಪಲಿಲ್ಲ. "ಕ್ಯಾಮ್‌ನಿಂದ ವ್ಯಾಕ್ಯೂಮ್ ಇಳೀಬಹುದು. ಆದ್ರೆ ಮ್ಯಾನಿಫೋಲ್ಡ್ ಯಾಕೆ ಕೆಂಪಾಗ್ಬೇಕು?" ಅಂದಳು. ಅವಳ ಪ್ರಶ್ನೆ ಸರಿಯಾಗಿತ್ತು. ಕಿಡಿ ತಡವಾದರೆ ಇಂಧನ ಹೊರಹೋಗುವ ದಾರಿಯಲ್ಲೂ ಉರಿಯುತ್ತಿರುತ್ತದೆ. ಶಕ್ತಿ ಕಡಿಮೆ, ಬಿಸಿ ಜಾಸ್ತಿ, ವ್ಯಾಕ್ಯೂಮ್ ಕಡಿಮೆ. ಮೂರೂ ಲಕ್ಷಣ ಕೂಡಿದ್ದವು. ಆದರೆ ಪಿಸ್ಟನ್ ಮೇಲೆ ತಲುಪುವ 10 ಡಿಗ್ರಿ ಮೊದಲೇ ಕಿಡಿ ಹತ್ತುವಂತೆ ಟೈಮಿಂಗ್ ಲೈಟ್‌ನಲ್ಲಿ ನಾನೇ ಇಟ್ಟಿದ್ದೆನಲ್ಲ?

1ನೇ ಸಿಲಿಂಡರ್‌ನ ಪ್ಲಗ್ ತೆಗೆದು, ಆ ತೂತಿಗೆ ಪಿಸ್ಟನ್ ತಡೆಯುವ ಬೋಲ್ಟ್ ಹಾಕಿದೆವು. ಕ್ರ್ಯಾಂಕನ್ನು ಮೆಲ್ಲಗೆ ತಿರುಗಿಸಿ, ಪಿಸ್ಟನ್ ಬೋಲ್ಟ್‌ಗೆ ತಾಗಿದಲ್ಲಿ ಡ್ಯಾಂಪರ್ (ಕ್ರ್ಯಾಂಕ್‌ನ ಮುಂದಿನ ತುದಿಯ ಚಕ್ರ) ಮೇಲೆ ಸೀಮೆಸುಣ್ಣದ ಗೆರೆ. ಹಿಂದಕ್ಕೆ ತಿರುಗಿಸಿ, ಮತ್ತೆ ತಾಗಿದಲ್ಲಿ ಇನ್ನೊಂದು ಗೆರೆ. ಎರಡರ ನಟ್ಟನಡುವೆಯೇ ಪಿಸ್ಟನ್ ನಿಜವಾಗಿ ಮೇಲಿರುವ ಜಾಗ. ಅದು ಡ್ಯಾಂಪರ್‌ನ ಗುರುತಿಗೂ ಅದರ ಪಕ್ಕದ ಡಿಗ್ರಿ ಪಟ್ಟಿಯ ಸೊನ್ನೆಗೂ ತಾಳೆಯಾಗಲಿಲ್ಲ. 8 ಡಿಗ್ರಿ ಆಚೆ ಇತ್ತು.

ಕಾರಣ ನನ್ನ ಕೈಯಲ್ಲೇ ಇತ್ತು. ಚೆಂದ ಕಾಣಲಿ ಅಂತ ಹೊಳೆಯುವ ಹೊಸ ಟೈಮಿಂಗ್ ಪಟ್ಟಿ ಹಾಕಿದ್ದೆ. ಈ ಎಂಜಿನ್‌ಗಳಲ್ಲಿ 1969ರ ಸುಮಾರಿಗೆ ಡ್ಯಾಂಪರ್‌ನ ಗುರುತು ಮತ್ತು ಪಟ್ಟಿ ಎರಡರ ಜಾಗವೂ ಬದಲಾಗಿದೆ. ಹಳೆಯದಕ್ಕೂ ಹೊಸದಕ್ಕೂ ಅಂತರ ಸರಿಯಾಗಿ 8 ಡಿಗ್ರಿ. ನಾನು ಒಂದು ಕಾಲದ ಪಟ್ಟಿಯನ್ನು ಇನ್ನೊಂದು ಕಾಲದ ಡ್ಯಾಂಪರ್ ಜೊತೆ ಸೇರಿಸಿದ್ದೆ. ಪಟ್ಟಿ 10 ಅನ್ನುತ್ತಿತ್ತು, ಎಂಜಿನ್‌ಗೆ ಸಿಗುತ್ತಿದ್ದದ್ದು 2.

ಸರಿಯಾದ ಪಟ್ಟಿ ಹಾಕಿ ಮತ್ತೆ 10ಕ್ಕೆ ಇಟ್ಟೆ. ಮೇಲಿನ ಸ್ಪೀಡಿನಲ್ಲಿ, ವ್ಯಾಕ್ಯೂಮ್ ಪೈಪ್ ಕಿತ್ತು ನೋಡಿದಾಗ, ಒಟ್ಟು 32 ಡಿಗ್ರಿ. ಐಡಲ್ ವ್ಯಾಕ್ಯೂಮ್ 15 ದಾಟಿತು. ಕೆಂಪು ಹೋಯಿತು. ಆದರೂ ಎಡಗಣ್ಣು ಸೋಮಾರಿ. ಪೈಪ್‌ಗಳನ್ನು ಒಂದೊಂದಾಗಿ ಬೆರಳಲ್ಲಿ ಬಗ್ಗಿಸುತ್ತಾ ಹೋದಾಗ, ಮುಂದಿನ ಟ್ಯಾಂಕಿನ ಹತ್ತಿರದ ಪೈಪ್ ಬಾಯಿಬಿಟ್ಟಿತು. ಒಳಮಗ್ಗುಲಲ್ಲಿ ಉದ್ದಕ್ಕೆ ಸೀಳು. ಹಳೆಯ ಎಂಜಿನ್ ತನ್ನ 17 ಇಂಚಿನಿಂದ ಆ ಸೋರಿಕೆಯನ್ನು ಇಷ್ಟು ವರ್ಷ ಮುಚ್ಚಿಟ್ಟಿತ್ತು.

ಓಡಿಸಿದ ಮೇಲೆ

800 ಕಿಲೋಮೀಟರ್ ಓಡಿಸಿದ್ದೇವೆ. ಎಣ್ಣೆ ಒಮ್ಮೆ ಬದಲಿಸಿ, ಫಿಲ್ಟರ್ ಕತ್ತರಿಸಿ, ಮಡಿಕೆಗಳನ್ನು ಬಿಡಿಸಿ ನೋಡಿದೆ. ಲೋಹದ ಚೂರಿಲ್ಲ.

3000 ಆರ್‌ಪಿಎಂ ದಾಟಿದ ಮೇಲೆ ಹೊಸದರ ಗುಣ ಗೊತ್ತಾಗುತ್ತದೆ. ಮೂರನೇ ಗೇರಿನಲ್ಲಿ ಕಾಲೊತ್ತಿದರೆ ಸಲೀಸಾಗಿ ಏರುತ್ತಲೇ ಹೋಗುತ್ತದೆ. ಹಳೆಯದು 4400ಕ್ಕೆ ಸಾಕು ಅನ್ನುತ್ತಿತ್ತು. ಆದರೆ 1500ರಿಂದ 2500ರ ಒಳಗೆ, ಗೇರ್ ಬದಲಿಸದೆ ಮೆಲ್ಲಗೆ ಹೋಗುವ ರಸ್ತೆಯಲ್ಲಿ, ಹಳೆಯ ಕ್ಯಾಮ್‌ನ ಗುಣವೇ ನನಗೆ ಇಷ್ಟ. ಅಲ್ಲಿ ಅದು ಕಾಲಿಟ್ಟ ತಕ್ಷಣ ಓಗೊಡುತ್ತಿತ್ತು. ಹೊಸದು ಒಂದು ಕ್ಷಣ ತಡೆದು ಬರುತ್ತದೆ. ಐಡಲ್‌ನಲ್ಲಿ ಸಣ್ಣ ಅದುರು ಇದೆ. ತಂಗಿಗೆ ಅದು ಇಷ್ಟ, ನನಗೆ ಅಷ್ಟಕ್ಕಷ್ಟೆ. ಜಾಸ್ತಿ ಊರೊಳಗೇ ಓಡಿಸುವವರಾದರೆ ಹಳೆಯ ಎಂಜಿನ್ನನ್ನು ಮೂಲ ಕ್ಯಾಮ್ ಅಳತೆಯಲ್ಲೇ ಕಟ್ಟಿಸುವುದು ಒಳ್ಳೆಯದು ಅನ್ನುತ್ತೇನೆ. ಹೆದ್ದಾರಿಯಲ್ಲಿ ದೂರ ಹೋಗುವವರಿಗೆ ಕ್ರೇಟ್.

ಹಳೆಯದು ಈಗ ಸ್ಟ್ಯಾಂಡ್ ಮೇಲೆ ಶೆಡ್‌ನ ಮೂಲೆಯಲ್ಲಿದೆ. ಬೋರ್‌ಗಳಿಗೆ ಎಣ್ಣೆ ಬಳಿದಿದ್ದೇವೆ, ತೂತುಗಳಿಗೆಲ್ಲ ಬಿರಡೆ, ನಂಬರಿನ ಜಾಗಕ್ಕೆ ಗ್ರೀಸ್, ಅದರ ಮೇಲೆ ದಪ್ಪ ಟೇಪ್. ಅಳತೆಗಳನ್ನೆಲ್ಲ ತಂಗಿ ರಟ್ಟಿನ ಮೇಲೆ ಬರೆದು ಕ್ರ್ಯಾಂಕ್‌ಗೆ ಕಟ್ಟಿದ್ದಾಳೆ. ಮೊದಲ ಸಾಲು: "ಮೇಲ್ಮೈ ಹೆರೆಯಬಾರದು." ಎರಡನೇದು: "7ನೇ ಬೋರ್ 0.008, 3ನೇ ಹೊರಹರಿವಿನ ಉಬ್ಬು 0.200." ಮಳೆಗಾಲ ಮುಗಿದ ಮೇಲೆ ಬ್ಲಾಕ್ ಮೆಷಿನ್ ಶಾಪ್‌ಗೆ ಹೋಗುತ್ತದೆ, ಆ ರಟ್ಟಿನ ಸಮೇತ.